ಐದನೇ ನಂಬರಿನ ಅಂಗಿಗೆ ಒಂದು ಚೀಲ ಭತ್ತ

ಭಾನುವಾರ ಬೆಳಗಿನ ಆರೂವರೆ. ಗಂಗಾವತಿಯ ಹೊರವಲಯದ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತದ ಲಾರಿ ನಿಂತಿದೆ. ಹಮಾಲರು ಇನ್ನೂ ಕೆಲಸ ಶುರು ಮಾಡಿಲ್ಲ. ಹೆಗಲಿಗೆ ಟವೆಲ್ಲು ಹಾಕಿಕೊಂಡು ಎರಡೂ ಬದಿಗೆ ನಿಂತು ನೋಡುತ್ತಿದ್ದಾರೆ. ಗೇಟಿನ ಕಾವಲುಗಾರ ಯಂಕೋಬ ಖಾಕಿ ಅಂಗಿ ಬಿಚ್ಚಿ ಕುರ್ಚಿಯ ಮೇಲಿಟ್ಟು ಬಂದು, ಲಾರಿಗೆ ಬೆನ್ನು ಕೊಟ್ಟು ಬಾಗುತ್ತಾರೆ. ಮೇಲಿದ್ದವರು ಎಪ್ಪತ್ತೈದು ಕಿಲೋದ ಚೀಲ ಜಾರಿಸುತ್ತಾರೆ. ಬಲ ಮೊಣಕಾಲು ಒಮ್ಮೆ ನಡುಗುತ್ತದೆ. ಯಾರೂ ಕೈ ನೀಡುವುದಿಲ್ಲ, ನೀಡುವಂತಿಲ್ಲ. ಅಂಗಳ ದಾಟಿ, ಗೋದಾಮಿನ ಹಲಗೆ ಏರಿ, ಥಪ್ಪಿಯ ಮೇಲೆ ಚೀಲ ಇಳಿಸುತ್ತಾರೆ. ಒಂದರ ಮೇಲೊಂದು ಒಟ್ಟಿದ ಚೀಲಗಳ ರಾಶಿಗೆ ಇಲ್ಲಿ ಥಪ್ಪಿ ಎನ್ನುತ್ತಾರೆ. ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ ಇಳಿಸುತ್ತಾರೆ.

“ಆತು, ಅಂಗಿ ಕೊಡ್ರಿ ಅಂವಗ,” ಎನ್ನುತ್ತಾರೆ ಹಮಾಲರ ಹಿರಿಯ ಮರ್ದಾನಸಾಬ.

ತೊಳೆದು ತೊಳೆದು ಬಣ್ಣ ಮಾಸಿದ ಹಸಿರು ಅಂಗಿ ಯಂಕೋಬರ ಕೈಗೆ ಬರುತ್ತದೆ. ಬೆನ್ನಿಗೆ ಐದನೇ ನಂಬರು. ಸಂಜೆ ಕುಷ್ಟಗಿ ತಂಡದ ಜೊತೆ ಫುಟ್‌ಬಾಲ್ ಪಂದ್ಯವಿದೆ.

ಈ ಹಮಾಲರ ತಂಡಕ್ಕೆ ಇರುವುದು ಒಂದೇ ಕಟ್ಟಳೆ. ಆಟದ ದಿನ ಬೆಳಿಗ್ಗೆ ಚೀಲ ಹೊತ್ತವನಿಗಷ್ಟೇ ಅಂಗಿ. ಉಳಿದವರಿಗೆ ಅದು ನಿತ್ಯದ ದುಡಿಮೆ, ಲೆಕ್ಕಕ್ಕೇ ಬರುವುದಿಲ್ಲ. ಮೊಣಕಾಲು ಕೆಟ್ಟಿದ್ದರಿಂದ ಹೋದ ವರ್ಷ ಹಮಾಲಿ ಬಿಟ್ಟು ಗೇಟಿನ ಕುರ್ಚಿಗೆ ಬಂದ ಯಂಕೋಬರಿಗೆ ಮಾತ್ರ ಇದು ಪರೀಕ್ಷೆ. ಕೊಪ್ಪಳದ ವೈದ್ಯರು ಚೀಲ, ಚೆಂಡು ಎರಡನ್ನೂ ಬಿಡಲು ಹೇಳಿದ್ದಾರೆ. ಇವರು ಹೊರುವುದನ್ನು ಆಟದ ದಿನಕ್ಕೊಂದೇ ಚೀಲಕ್ಕೆ ಇಳಿಸಿದ್ದಾರೆ, ಚೆಂಡನ್ನು ಬಿಟ್ಟಿಲ್ಲ. ಆ ಒಂದು ಚೀಲ ಏಳದ ದಿನ ಅವರ ಆಟ ಮುಗಿಯುತ್ತದೆ. ಅವರಿಗೀಗ ನಲವತ್ನಾಲ್ಕು.

ಹುಟ್ಟಿದ್ದು ಯಲಬುರ್ಗಾ ಕಡೆಯ ಬೇವೂರಿನಲ್ಲಿ. 1997ರಲ್ಲಿ, ಹದಿನೇಳರ ವಯಸ್ಸಿಗೆ, ಅಕ್ಕನ ಗಂಡನ ಬೆನ್ನು ಹತ್ತಿ ಗಂಗಾವತಿಗೆ ಬಂದರು. ಅಲ್ಲಿಯವರೆಗೆ ಫುಟ್‌ಬಾಲ್ ಕಣ್ಣಲ್ಲಿ ನೋಡಿರಲಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಹಮಾಲರು ಸಂಜೆ ಆಡುತ್ತಿದ್ದರು. ಗೋಲಿನಲ್ಲಿ ನಿಲ್ಲುತ್ತಿದ್ದವರು ಮರ್ದಾನಸಾಬ. ಹೊಸ ಹುಡುಗ ಚೆಂಡಿನ ಹಿಂದೆ ಓಡಿ ಎಡವಿ ಬೀಳುವುದನ್ನು ನಾಲ್ಕು ದಿನ ಸಹಿಸಿಕೊಂಡರು.

“ಓಡಾಕ ಅಂತೂ ಬರಂಗಿಲ್ಲ ನಿನಗ. ನಿಂದ್ರಾಕರ ಬರತೈತೇನಲೇ ಅಂತ ಕೇಳಿದ್ರು. ಬರತೈತ್ರಿ ಅಂದೆ. ಹಂಗಾರ ನನ್ನ ಮುಂದ ನಿಂದ್ರು ಅಂದ್ರು. ನಿಂತೀನಿ ನೋಡ್ರಿ,” ಎಂದು ನಗುತ್ತಾರೆ ಯಂಕೋಬ.

ಅದೇ ಸ್ಟಾಪರ್ ಜಾಗ, ಗೋಲಿಗೆ ಕೊನೆಯ ಅಡ್ಡಗೋಡೆ. ಅಲ್ಲಿ ಅವರು ಕಲಿತ ಆಟ ಪುಸ್ತಕದ್ದಲ್ಲ. ನೆಲಕ್ಕೆ ಜಾರಿ ಚೆಂಡು ಕಸಿಯುವುದಿಲ್ಲ. ಕೊಯ್ದ ಗದ್ದೆಯ ಕೂಳೆ ತೊಡೆಯ ಚರ್ಮ ಸುಲಿಯುತ್ತದೆ, ಕುಷ್ಟಗಿ ಮೈದಾನದ ಗರಸು, ಅಂದರೆ ಸಣ್ಣ ಕಲ್ಲಿನ ಮಣ್ಣು, ಅದಕ್ಕಿಂತ ಕೆಟ್ಟದ್ದು. ಎದುರಾಳಿ ಬರುವವರೆಗೆ ಕಾಯುತ್ತಾರೆ. ಬಂದವನಿಗೆ ಹೊರಗಿನ ದಾರಿ ಬಿಟ್ಟುಕೊಟ್ಟು, ಅವನು ತಿರುಗುವ ಹೊತ್ತಿಗೆ ಭುಜ ಇಡುತ್ತಾರೆ. ಕಾಲಿಗೆ ಹೊಡೆಯುವುದಿಲ್ಲ. ಎದುರಾಳಿಗಳು ಅವರಿಗಿಟ್ಟ ಹೆಸರು ‘ಥಪ್ಪಿ’. ಹುಬ್ಬಿನ ಮೇಲೆ ಎರಡು ಹೊಲಿಗೆಯ ಗುರುತಿದೆ, ಮುಂದಿನ ಒಂದು ಹಲ್ಲಿಲ್ಲ.

ಒಂದು ಕಾಲಕ್ಕೆ ಅವರೆದುರು ಆಡಿದ ಗುರುಬಸವ ಈಗ ಕುಷ್ಟಗಿ ತಂಡವನ್ನು ತಯಾರು ಮಾಡುತ್ತಾರೆ. “ಗೋಡಿಗೆ ಹೋಗಿ ಬಡದಂಗಲ್ರಿ ಅದು. ಗೋಡಿನ ಬಂದು ನಮಗ ಬಡದಂಗ,” ಎಂದು ಪಕ್ಕೆ ಸವರಿಕೊಳ್ಳುತ್ತಾರೆ. “ಬಡದು, ಮ್ಯಾಲೆ ಕೈ ಹಿಡದು ಎಬ್ಬಿಸ್ತಿದ್ದ. ಸಿಟ್ಟು ಮಾಡಾಕೂ ಬಿಡತಿದ್ದಿಲ್ಲ.”

ಗಿರಣಿಯಲ್ಲೇ ಅಕ್ಕಿ ಕೇರುವ ಹೆಂಡತಿ ಪಕೀರಮ್ಮನಿಗೆ ಈ ಖ್ಯಾತಿಯ ಹಂಗಿಲ್ಲ. “ಮನ್ಯಾಗ ಒಂದು ಇಲಿ ತಡಿಯಾಕ ಬರಂಗಿಲ್ಲ ಈ ಮನಷ್ಯಾಗ. ಅಲ್ಲಿ ಹನ್ನೊಂದು ಮಂದೀನ ತಡಿತಾನಂತ!”

ತಡೆಯುವ ಕೈಯೇ ಒಮ್ಮೆ ತಂಡವನ್ನು ಸೋಲಿಸಿದೆ. ಗೋದಾಮಿನಲ್ಲಿ ಥಪ್ಪಿಯ ಮೇಲಿನ ಚೀಲ ಜಾರಿದರೆ ನೋಡಿದವನು “ಬಿತ್ತೋ!” ಎಂದು ಕೂಗಬೇಕು. ಕೂಗು ಕೇಳಿದವರು ಹಿಂದೆ ಸರಿಯುವಂತಿಲ್ಲ. ಕೆಳಗೆ ಹೊರೆ ಹೊತ್ತು ಕುತ್ತಿಗೆ ಬಗ್ಗಿಸಿದವನಿಗೆ ಮೇಲಿನದು ಕಾಣದು. ಹಾಗಾಗಿ ಕೈ ಖಾಲಿ ಇದ್ದವನು ಚೀಲಕ್ಕೆ ಕೈ ಕೊಡಲೇಬೇಕು. 2011ರಲ್ಲಿ ಕುಷ್ಟಗಿಯ ಫೈನಲ್ ಮುಗಿಯುತ್ತ ಬಂದಾಗ ಚೆಂಡು ಎತ್ತರದಿಂದ ಗೋಲಿನತ್ತ ಇಳಿಯಿತು. ಕಾಲು ಜಾರಿ ಕೆಳಗೆ ಬಿದ್ದ ಮರ್ದಾನಸಾಬರ ಬಾಯಿಂದ ರೂಢಿಯ ಕೂಗು ಹೊರಟಿತು: “ಬಿತ್ತೋ!” ಯಂಕೋಬ ಎರಡೂ ಕೈ ಎತ್ತಿ ಚೆಂಡನ್ನು ಹಿಡಿದು ಹೆಗಲಿಗೆ ಅವುಚಿಕೊಂಡರು. ಅವರ ತಂಡದ ಇನ್ನಿಬ್ಬರು ಕೆಳಗಿನಿಂದ ಆನಿಸಲು ಓಡಿ ಬಂದಿದ್ದರು. ಪೆನಾಲ್ಟಿ, ಸೋಲು.

“ತಪ್ಪು ನನ್ನ ಬಾಯೀದು. ಆದ್ರೂ ಈ ಮಗ ಒಂದ ದಿನ ಅಂದಿಲ್ಲ ನೋಡ್ರಿ,” ಎನ್ನುತ್ತಾರೆ ಮರ್ದಾನಸಾಬ.

“ಏನಂತ ಅನ್ನೂದು ಚಾಚಾ? ಕೂಗಿದ್ರ ಕೈ ಕೊಡೂದ ಬಿಟ್ರ ಗೋದಾಮಿನ್ಯಾಗ ಮಂದಿ ಸಾಯ್ತಾರ.”

ಯಂಕೋಬ ನಾಯಕರಾಗಿದ್ದಾಗ, ಎಂಟು ವರ್ಷದ ಹಿಂದೆ, ಗಿರಣಿಗೆ ಹೊಸದಾಗಿ ಬಂದ ಗುಮಾಸ್ತ ಉಮಾಪತಿ ಅಂಗಿ ಕೇಳಿದ್ದರು. ಕಾಲೇಜಿನಲ್ಲಿ ಆಡಿ ಬಂದವರು, ಚುರುಕು ಕಾಲು. ಯಂಕೋಬ ಲಾರಿ ತೋರಿಸಿದರು. ಉಮಾಪತಿ ಚೀಲದ ಸಮೇತ ಅಂಗಳದ ನಡುವೆ ಕುಕ್ಕರಿಸಿದರು. ಅಂಗಿ ಸಿಗಲಿಲ್ಲ. ಅಂದಿನಿಂದ ಪ್ರತಿ ಪಂದ್ಯಕ್ಕೂ ಗದ್ದೆಯ ಬದುವಿನ ಮೇಲೆ ಕೂತು ಗಂಟಲು ಹರಿದುಕೊಳ್ಳುವುದು ಅವರ ಪಾಲಿನ ಆಟ.

ಈ ಕಾರಣಕ್ಕೇ ಕಳೆದ ತಿಂಗಳು ಒಂದು ಮಾತುಕತೆ ಮುರಿದುಬಿತ್ತು. ಈಗಿನ ನಾಯಕ ತಿರುಮಲೇಶ ಉಪಾಯ ಹುಡುಕಿದ್ದರು. “ಕಾಕಾ, ಭತ್ತದ್ದು ಬಿಡ್ರಿ, ಅಕ್ಕಿ ಚೀಲ ಹೊರ್ರಿ. ಇಪ್ಪತ್ತೈದು ಕಿಲೋ. ಅದೂ ಚೀಲನ ಅಲ್ಲೇನು?”

“ಅದು ಸಂತಿ ಕೈಚೀಲಪಾ,” ಎಂದರು ಯಂಕೋಬ. ಹಮಾಲರು ನಕ್ಕರು. ಯಂಕೋಬ ಮಾತ್ರ ನಗಲಿಲ್ಲ. “ಉಮಾಪತಿಗೆ ಇಲ್ಲಂದದ್ದು ನನಗ ಹೆಂಗ ಹೂಂ ಆಗತೈತಿ?”

ಸಂಜೆಯ ಪಂದ್ಯ ವಿರೂಪಾಪುರಗಡ್ಡೆಯ ದಾರಿಯ ಒಂದು ಗದ್ದೆಯಲ್ಲಿ. ಕುಷ್ಟಗಿಯ ಮುಂಪಡೆಯ ಆಟಗಾರ ಇಪ್ಪತ್ತರ ಹರೆಯದವನು, ಜಿಂಕೆಯಂಥ ಓಟ. ಮೊದಲರ್ಧದಲ್ಲಿ ಎರಡು ಸಲ ಯಂಕೋಬರನ್ನು ದಾಟುತ್ತಾನೆ, ಎರಡೂ ಸಲ ಚೆಂಡು ಹೊರಗೆ ಹೊಡೆಯುತ್ತಾನೆ. “ಮುದುಕನ್ನ ಹೊರಗ ಕರೀರೋ!” ಎಂದು ಯಾರೋ ಕೂಗುತ್ತಾರೆ. ಬದುವಿನಿಂದ ಉಮಾಪತಿ ಎದ್ದು ನಿಲ್ಲುತ್ತಾರೆ: “ಬೆಳಿಗ್ಗೆ ಚೀಲ ಹೊತ್ತಾನ, ನೀ ಹೊತ್ತೀಯೇನಲೇ?”

ಮೂರನೆಯ ಸಲ ಯಂಕೋಬ ಮುಂದೆ ಹೋಗುವುದಿಲ್ಲ. ಎರಡು ಹೆಜ್ಜೆ ಹಿಂದೆ ನಿಂತು, ಬದುವಿನ ಕಡೆ ಜಾಗ ಬಿಡುತ್ತಾರೆ. ಹುಡುಗ ಅತ್ತ ನುಗ್ಗಿ ತಿರುಗುತ್ತಾನೆ. ಭುಜ ತಾಕುತ್ತದೆ. ಹುಡುಗ ಬದುವಿನ ಆಚೆ, ಚೆಂಡು ಈಚೆ. ಯಂಕೋಬ ಚೆಂಡನ್ನು ದೂರ ಒದ್ದು, ಕುಂಟುತ್ತ ಹೋಗಿ ಅವನನ್ನು ಎಬ್ಬಿಸುತ್ತಾರೆ. ಪಂದ್ಯ ಗೋಲಿಲ್ಲದೆ ಮುಗಿಯುತ್ತದೆ.

ಮೊಣಕಾಲು ಬಾತಿದೆ. ಪಕೀರಮ್ಮ ಒದ್ದೆ ಬಟ್ಟೆ ಸುತ್ತುತ್ತಿದ್ದಾರೆ. ಮುಂದಿನ ಪಂದ್ಯ ಮೂರು ವಾರಕ್ಕೆ, ಹುಲಿಗಿಯಲ್ಲಿ. ಆಡುತ್ತೀರಾ ಎಂದು ಕೇಳಿದರೆ ಯಂಕೋಬ ಕಾಲನ್ನೇ ನೋಡುತ್ತಾರೆ.

“ಚೀಲ ಎದ್ರ ಆಡತೀನಿ. ಏಳಲಿಲ್ಲಂದ್ರ ಬದುವಿನ ಮ್ಯಾಲೆ ಉಮಾಪತಿ ಬಾಜೂಕ ಕುಂದ್ರೂದು. ಒಂದೀಟು ಜಾಗ ಇಟ್ಟಿರಪಾ ಅಂತ ಹೇಳೀನಿ ಅಂವಗ.”

ಉಮಾಪತಿ ಅಲ್ಲೇ ನಿಂತಿದ್ದಾರೆ. ಕೂಗಿ ಕೂಗಿ ಗಂಟಲು ಕಟ್ಟಿದೆ.

“ಜಾಗ ಭಾಳ ಐತಿ ಯಂಕೋಬಣ್ಣ,” ಎನ್ನುತ್ತಾರೆ. “ಹುಲಿಗಿ ಆಟಕ್ಕ ಮಾತ್ರ ಬದುವಿಗೆ ಬರಬ್ಯಾಡ.”