ಸಹಿ ಹಾಕಿದವನು ಮೊದಲು ಉಯ್ಯಾಲೆ ಹತ್ತಬೇಕು

ಹೋದ ಭಾನುವಾರ ಸಂಜೆ ನಾಲ್ಕೂವರೆಗೆ, ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಆಟದ ಬಯಲಿನಲ್ಲಿ, ಕೋಟು ಪೇಟ ಸಮೇತ ನಾನು ಉಯ್ಯಾಲೆ ಆಡಿದೆ.

ನನ್ನ ವಯಸ್ಸು ನಲವತ್ತಾರು. ನನ್ನ ಗಾತ್ರ ಈ ಅಂಕಣ ಓದುವವರಿಗೆ ಗೊತ್ತೇ ಇದೆ (ಗೊತ್ತಿಲ್ಲದವರು ನನ್ನ ದರ್ಜಿಯನ್ನು ಕೇಳಿ, ಅವನು ನಿಟ್ಟುಸಿರಿನಿಂದ ಶುರುಮಾಡುತ್ತಾನೆ). ಸುತ್ತ ಊರಿನ ಮಕ್ಕಳೆಲ್ಲ ನಿಂತಿದ್ದರು. ಶಾಲೆಯಲ್ಲಿ ನನ್ನಿಂದ ಲೆಕ್ಕ ಹೇಳಿಸಿಕೊಳ್ಳುವವರೂ ಇದ್ದರು. ನಾಚಿಕೆಯಾಗಲಿಲ್ಲವೇ ಅಂತ ಕೇಳುತ್ತೀರಾ? ಮೊದಲ ಎರಡು ಜೀಕಿಗೆ ಆಯಿತು. ಮೂರನೆಯದಕ್ಕೆ ಕಾಲು ಚಾಚಿಕೊಂಡು ಜೀಕಿದೆ.

ಇದು ನನ್ನ ಗೆಲುವಿನ ಕಥೆ. ಆದರೆ ನನ್ನ ಸೋಲಿನಿಂದ ಶುರುಮಾಡಬೇಕು.

ನಮ್ಮ ಊರಲ್ಲಿ ಮಕ್ಕಳ ಆಟದ ಬಯಲುಗಳು ಮೂರು. ಅವನ್ನು ನೋಡಿಕೊಳ್ಳಲು ಒಂದು ಕಮಿಟಿ. ಜವಳಿ ಅಂಗಡಿಯ ಸೀತಾರಾಮ ಶೆಟ್ಟರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಮಿಕ್ಕವರು ಕಾಫಿ ಕೊಡುವ ದಿನ ಬರುತ್ತಾರೆ. ಎರಡು ತಿಂಗಳ ಹಿಂದೆ ಶೆಟ್ಟರು, "ಮೇಷ್ಟ್ರೇ, ಮೂರೂ ಬಯಲು ನೋಡಿ ಒಂದು ರಿಪೋರ್ಟು ಬರೀರಿ. ನೀವು ಬರೆದ್ರೆ ಯಾರೂ ತಿರುಗಿ ಮಾತಾಡಲ್ಲ" ಎಂದರು. ಹೊಗಳಿದರೆ ನಾನು ಯಾವ ಕೆಲಸವನ್ನೂ ಬೇಡ ಅನ್ನುವವನಲ್ಲ.

ನೋಡಿದೆ. ಹೇಗೆ ನೋಡಿದೆ ಅಂದರೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪೆನ್ಸಿಲು. ಒಂದು ಬಯಲಿಗೆ ಹತ್ತು ನಿಮಿಷ. ಜಾರುಬಂಡೆ ನೋಡಿದೆ, "ಉತ್ತಮ" ಎಂದು ಬರೆದೆ. ಎದುರುಬದುರು ಕೂತು ಏರಿಳಿಯುವ ಏತದಾಟದ ಮರ ನೋಡಿದೆ, "ಉತ್ತಮ". ಸ್ಟೇಷನ್ ಹಿಂದಿನ ಬಯಲಲ್ಲಿ ಹೊಸದಾಗಿ ನೆಟ್ಟಿದ್ದ ಉಯ್ಯಾಲೆ ನೋಡಿದೆ. ಕಂಬ, ಹಗ್ಗಕ್ಕೆಲ್ಲ ಹಸಿರು ಪೇಂಟ್ ಬಳಿದು ಫಳಫಳ ಅನ್ನುತ್ತಿತ್ತು. "ಅತ್ಯುತ್ತಮ" ಎಂದು ಬರೆದು, ಕೆಳಗೆ ಉದ್ದನೆಯ ಸಹಿ ಹಾಕಿದೆ.

ಆ ಉಯ್ಯಾಲೆಯ ಬಗ್ಗೆ ಶೆಟ್ಟರಿಗೆ ವಿಶೇಷ ಹೆಮ್ಮೆ. ಅದಕ್ಕೆ ಕಟ್ಟಿದ್ದು ನಾರಿನ ಹಗ್ಗವಲ್ಲ, ಚಿನ್ನದ ಗಣಿಯ ತಂತಿ ಹಗ್ಗ. ಗುಜರಿಯಲ್ಲಿ ಸಿಕ್ಕಿದ್ದು. ನಮ್ಮ ಸೀಮೆಯ ಒಂದು ನಂಬಿಕೆ ನಿಮಗೂ ಇದೆ, ಇಲ್ಲ ಅನ್ನಬೇಡಿ. ಗಣಿಯಿಂದ ಬಂದ ಸಾಮಾನು ಅಂದರೆ ಮುಗಿಯಿತು, ಅದಕ್ಕೆ ಸಾವಿಲ್ಲ. ಬಟ್ಟೆ ಒಣಹಾಕಲು ಗಣಿಯ ತಂತಿ. ಬೂದಿಕೋಟೆ ಕಡೆಯ ತೋಟಗಳಲ್ಲಿ ಬೇಲಿಗೂ ಗಣಿಯ ತಂತಿ. ಪಾತಾಳಕ್ಕೆ ಜನರನ್ನು ಇಳಿಸಿ ಹತ್ತಿಸಿದ ಹಗ್ಗ ನಾಲ್ಕು ಮಕ್ಕಳನ್ನು ಹೊರುವುದಿಲ್ಲವೇ? ಹೀಗೆ ಶೆಟ್ಟರು ಕೇಳಿದರು. ಹೊರುತ್ತದೆ ಎಂದು ನಾನೂ ತಲೆಯಾಡಿಸಿದೆ. ಅಷ್ಟು ಗಟ್ಟಿಯಾದ ಹಗ್ಗವನ್ನು ಗಣಿಯವರು ಗುಜರಿಗೆ ಯಾಕೆ ಹಾಕಿದರು ಅಂತ ನಾನು ಕೇಳಲಿಲ್ಲ. ಲೆಕ್ಕದ ಮೇಷ್ಟ್ರು ನೋಡಿ ನಾನು!

ಉಯ್ಯಾಲೆ ತೆರೆಯುವ ಭಾನುವಾರ ಬಂತು. ಮೊದಲು ಕೂರುವ ಮರ್ಯಾದೆ ಕಾರ್ಯದರ್ಶಿಯ ಮಗಳಿಗೆ. ನನ್ನ ಜಯಳಿಗೆ (ನನ್ನನ್ನು ಅಪ್ಪ ಅನ್ನದೆ ಅಣ್ಣ ಅನ್ನುತ್ತಾಳೆ) ಏಳು ವರ್ಷ. ಬೆಳಿಗ್ಗೆಯಿಂದ ಊಟ ಬಿಟ್ಟು ಕಾದಿದ್ದಳು. ಅವಳನ್ನು ನಾನೇ ಎತ್ತಿ ಹಲಗೆಯ ಮೇಲೆ ಕೂರಿಸಿದೆ. ತೂಗಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಒಂದು ಕಪ್ಪು ಕೈ ಬಂದು ಹಗ್ಗ ಹಿಡಿಯಿತು.

"ವಸಿ ತಡೀರಿ ಸ್ವಾಮಿ. ಮಗೀನ ಇಳಿಸಿ."

ಐವತ್ತು ದಾಟಿದ ಆಳು. ಖಾಕಿ ಚಡ್ಡಿ, ಮೇಲೊಂದು ಟವಲು. ಕಂಕುಳಲ್ಲಿ ಪುಟ್ಟ ಮೊಮ್ಮಗಳು, ಅವಳೂ ಉಯ್ಯಾಲೆಗೆ ಬಂದವಳೇ. ಹೆಸರು ಮುನಿವೆಂಕಟಪ್ಪ. ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯವನು. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಲಸ. ಭಾನುವಾರ ರಜೆಯೆಂದು ರೈಲು ಹತ್ತಿ ನಮ್ಮೂರಿನ ಮಗಳ ಮನೆಗೆ ಬಂದಿದ್ದ. ಇದೆಲ್ಲ ಆಮೇಲೆ ತಿಳಿಯಿತು. ಆಗ ನನಗೆ ಕಂಡದ್ದು ಸಮಾರಂಭ ಕೆಡಿಸಲು ಬಂದ ಒಬ್ಬ ಅಪರಿಚಿತ.

"ಎವರಯ್ಯಾ ನುವ್ವು?" ಎಂದು ಶೆಟ್ಟರು ಗದರಿದರು (ಯಾರಯ್ಯಾ ನೀನು ಅಂತ; ಅವರಿಗೆ ಸಿಟ್ಟು ಬರುವುದು ತೆಲುಗಿನಲ್ಲೇ).

ಗಲಾಟೆ ಬೇಡವೆಂದು ನಾನು ಜಯಳನ್ನು ಹಲಗೆಯಿಂದ ಇಳಿಸಿದೆ. ಅವನು ತನ್ನ ಮೊಮ್ಮಗಳನ್ನು ಕೆಳಗಿಳಿಸಿದ. ಚಡ್ಡಿ ಜೇಬಿನಿಂದ ಒಂದು ಹಿಡಿ ಹತ್ತಿ ನೂಲಿನ ಚಿಂದಿ ತೆಗೆದ. ಎಣ್ಣೆ ಕೈ ಒರೆಸಲು ಗಣಿಯವರು ಇಟ್ಟುಕೊಳ್ಳುವಂಥದ್ದು. ಕಂಬಕ್ಕೆ ಒರಗಿಸಿದ್ದ ಏಣಿ ಹತ್ತಿ, ಅದನ್ನು ಹಗ್ಗದ ಸುತ್ತ ಮಡಿಸಿ ಹಿಡಿದು, ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಎಳೆಯುತ್ತಾ ಬಂದ. ಕಣ್ಣು ಮುಚ್ಚಿಕೊಂಡಿದ್ದ. ಬಸುರಿಯ ನಾಡಿ ಹಿಡಿದ ಸೂಲಗಿತ್ತಿಯ ಹಾಗೆ ನಿಧಾನವಾಗಿ ಇಳಿದ.

"ನೋಡಿ."

ನೋಡಿದೆವು. ಹಸಿರು ಪೇಂಟಿನ ಮೇಲೆ ಒಂಬತ್ತು ಕಡೆ ನೂಲಿನ ಎಳೆ ಸಿಕ್ಕಿಕೊಂಡು ಗಾಳಿಗೆ ಆಡುತ್ತಿತ್ತು.

"ಎಲ್ಲೆಲ್ಲಿ ನೂಲು ಕಚ್ಕೊಂಡೈತೋ ಅಲ್ಲಲ್ಲಿ ತಂತಿ ಕಡಿದೈತೆ ಸ್ವಾಮಿ. ಬಣ್ಣದ ಮ್ಯಾಲೆ ಕಣ್ಣಿಗೆ ಕಾಣಾಕಿಲ್ಲ. ನಾವು ದಿನಾ ಬೆಳಿಗ್ಗೆ ಜನಾನ ಗಣಿಯೊಳ್ಗೆ ಇಳಿಸೋ ಕೇಜು ಬಿಡೋಕೆ ಮುಂಚೆ ಇಂಗೇ ನೋಡೋದು. ಸತ್ತೋಗಿರೋ ರೋಪು ಇದು. ಅದಕ್ಕೇ ಬಿಸಾಕವ್ರೆ."

ಜನ ಗುಜುಗುಜು ಅಂದರು. ಮಕ್ಕಳಿಗೆ ಅಳು ಬಂತು. ಶೆಟ್ಟರು ನನ್ನ ಮುಖ ನೋಡಿದರು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಹಗ್ಗದ ಚಿಂತೆ ಇರಲಿಲ್ಲ. ಖಾಕಿ ಚಡ್ಡಿಯವನೊಬ್ಬ ನನ್ನ "ಅತ್ಯುತ್ತಮ"ವನ್ನು ಹೊಡೆದು ಹಾಕಿದನಲ್ಲ ಅನ್ನುವ ಉರಿ.

"ನೋಡಪ್ಪಾ, ಇದನ್ನ ಪರೀಕ್ಷೆ ಮಾಡಿ ಆಗಿದೆ. ರಿಪೋರ್ಟು ಇದೆ" ಎಂದೆ, ತರಗತಿಯ ದನಿಯಲ್ಲಿ.

"ಸಹಿ ಯಾರು ಸ್ವಾಮಿ ಹಾಕಿದ್ದು?"

"ನಾನೇ."

"ಅಂಗಾದ್ರೆ ನೀವೇ ಮೊದ್ಲು ಕೂತ್ಕೊಳ್ಳಿ."

ಅವನ ಮಾತಲ್ಲಿ ಕುಚೋದ್ಯ ಇರಲಿಲ್ಲ. ಊಟಕ್ಕೆ ಏಳಿ ಅನ್ನುವಷ್ಟೇ ಸಹಜವಾಗಿ ಹೇಳಿದ್ದ.

"ನಮ್ಮ ಗಣಿ ಶಾಫ್ಟಿನಾಗೆ ಅಂಗೇ ನಡ್ಕೊಂಡು ಬಂದೈತೆ. ಒಸ ರೋಪು ಆಕಿದ ದಿನ ಮೊದ್ಲು ಬರೀ ಕೇಜು ಇಳೀತೈತೆ. ಆಮ್ಯಾಕೆ ಭಾರ ಏರಿಸಿ ಇಳಿಸ್ತೀವಿ. ಆಮ್ಯಾಕೆ ರೋಪು ಸರಿಯಾಗೈತೆ ಅಂದೋನು ಇಳೀಬೇಕು. ಅವ್ನು ತಿರುಗಿ ಮ್ಯಾಕೆ ಬಂದ್ಮೇಲೇನೇ ಮಿಕ್ಕಿದ ಜನ."

ನಾನು ಉಯ್ಯಾಲೆಯ ಕಡೆ ಒಂದು ಹೆಜ್ಜೆ ಇಟ್ಟೆ. ಎರಡನೆಯದು ಬರಲಿಲ್ಲ. ಮೇಲಿನ ಕೊಕ್ಕೆ ನೋಡಿದೆ, ನನ್ನ ಹೊಟ್ಟೆ ನೋಡಿಕೊಂಡೆ, ಕೆಳಗಿನ ಕಲ್ಲುನೆಲ ನೋಡಿದೆ. ಹೆದರಿಕೆಯಾಯಿತು. ಅಪ್ಪಟ ಹೆದರಿಕೆ. ಎರಡು ನಿಮಿಷದ ಹಿಂದೆ ಇದೇ ಹಲಗೆಯ ಮೇಲೆ ಜಯಳನ್ನು ಕೂರಿಸಿದಾಗ ಈ ಹೆದರಿಕೆ ಎಲ್ಲಿ ಹೋಗಿತ್ತು?

"ಮೂಟೆ ತನ್ನಿ" ಎಂದೆ.

ರಸ್ತೆ ಕೆಲಸಕ್ಕೆ ಹಾಕಿದ್ದ ಮರಳು ಪಕ್ಕದಲ್ಲೇ ಇತ್ತು. ನಾಲ್ಕು ಗೋಣಿ ತುಂಬಿಸಿ ಹಲಗೆಗೆ ಬಿಗಿದೆವು. ಮುನಿವೆಂಕಟಪ್ಪ ಮಕ್ಕಳನ್ನು ದೂರ ಸರಿಸಿ, ತಾನೇ ತೂಗಿದ. ಒಂದು. ಎರಡು. ಮೂರು. "ನೋಡಿದ್ರಾ, ಏನಾಯ್ತು?" ಎಂದು ಶೆಟ್ಟರು ಬಾಯಿ ತೆರೆದರು. ಐದನೆಯ ಜೀಕಿಗೆ ಎಡಗಡೆಯ ಹಗ್ಗ ಕೊಕ್ಕೆಯ ಬುಡದಲ್ಲಿ ಟಪ್ಪನೆ ಹರಿಯಿತು. ಹಲಗೆ ನೆಲಕ್ಕೆ ಬಡಿದು ಸೀಳಿತು. ಒಂದು ಮೂಟೆ ಒಡೆದು ಮರಳು ಚೆಲ್ಲಿತು.

ಜಯ ನನ್ನ ಕೋಟಿನ ತುದಿ ಹಿಡಿದುಕೊಂಡು ನಿಂತಿದ್ದಳು. ನಾನು ಜೇಬಿನಿಂದ ರಿಪೋರ್ಟು ತೆಗೆದು ಎಲ್ಲರ ಎದುರಿಗೆ ಹರಿದೆ. ಮುನಿವೆಂಕಟಪ್ಪನ ಕೈ ಹಿಡಿದುಕೊಂಡೆ. ಅವನು, "ಓಗ್ಲಿ ಬಿಡಿ ಸ್ವಾಮಿ, ಮೂಟೆ ತಾನೇ" ಎಂದ.

ಅಲ್ಲಿಂದ ನನ್ನ ಎರಡನೆಯ ತನಿಖೆ ಶುರು. ಮೂರು ಭಾನುವಾರ ಹಿಡಿಯಿತು. ಕೊಡೆ ಇಲ್ಲ, ಪೆನ್ಸಿಲು ಕಿವಿಯ ಮೇಲೆ, ಕೈಯಲ್ಲಿ ಹತ್ತಿ ನೂಲು. ಮುನಿವೆಂಕಟಪ್ಪ ಗುರು, ನಾನು ಶಿಷ್ಯ. ನನ್ನ "ಉತ್ತಮ" ಜಾರುಬಂಡೆಯ ತಗಡಿನ ಅಂಚಿಗೆ ನೂಲು ಸವರಿದರೆ ಕತ್ತರಿಸಿದ ಹಾಗೆ ಎರಡಾಯಿತು. ಮಕ್ಕಳ ತೊಡೆ ಅಲ್ಲೇ ಜಾರುತ್ತಿದ್ದದ್ದು. ಏತದಾಟದ ಮರದ ನಡುವಿನ ಬೋಲ್ಟು ಅರ್ಧ ಸವೆದಿತ್ತು. "ಕೂತು ನೋಡಿ, ಕೂತ್ರೆ ಗೊತ್ತಾತದೆ" ಅನ್ನುವುದು ಅವನ ಪಾಠದ ಮೊದಲನೆಯ ಸಾಲು, ಕೊನೆಯದೂ ಅದೇ. ಜಾರುಬಂಡೆಯಲ್ಲಿ ಜಾರಿದೆ (ಪಂಚೆಗೆ ಆದ ಗತಿಯನ್ನು ನನ್ನ ಮನೆಯವರು ಇನ್ನೂ ಮರೆತಿಲ್ಲ).

ತಗಡಿನ ಅಂಚು ಮಡಿಸಿ ಬಡಿಸಿದೆವು. ಬೋಲ್ಟು ಹೊಸದು. ಉಯ್ಯಾಲೆಗೆ ಹೊಸ ಕಬ್ಬಿಣದ ಸರಪಳಿ, ಕೆಳಗೆ ಕಲ್ಲು ಅಗೆದು ಮೊಣಕಾಲುದ್ದ ಮರಳು. ಪೇಂಟ್ ಬೇಡವೇ ಬೇಡ ಎಂದೆ. "ನೋಡೋಕೆ ಚೆನ್ನಾಗಿರಲ್ವಲ್ಲ ಮೇಷ್ಟ್ರೇ" ಎಂದು ಶೆಟ್ಟರು ಕೊರಗಿದರು.

ಆಮೇಲೆ ಕಮಿಟಿಯಲ್ಲಿ ನಾನು ಒಂದು ನಿಯಮ ತಂದೆ. ರಿಪೋರ್ಟಿಗೆ ಸಹಿ ಹಾಕಿದವರೆಲ್ಲ ಮಕ್ಕಳ ಎದುರಿಗೆ ಮೊದಲು ಕೂರಬೇಕು.

"ನಾನು ಅಧ್ಯಕ್ಷ ಕಣ್ರೀ. ಈ ವಯಸ್ನಲ್ಲಿ ಉಯ್ಯಾಲೆ ಹತ್ತಲಾ? ಜನ ಏನಂತಾರೆ?" ಎಂದರು ಶೆಟ್ಟರು.

"ಹಾಗಾದ್ರೆ ಸಹಿ ಹಾಕಬೇಡಿ" ಎಂದೆ.

ಅಧ್ಯಕ್ಷರು ಸಹಿ ಬಿಡುತ್ತಾರೆಯೇ? ನಿಯಮ ಪಾಸಾಯಿತು.

ಹೀಗೆ ಬಂತು ಹೋದ ಭಾನುವಾರ. ಮೊದಲು ಬರೀ ಹಲಗೆ ತೂಗಿತು. ಆಮೇಲೆ ಆರು ಮೂಟೆ ಮರಳು, ಐವತ್ತು ಜೀಕು. ಮಕ್ಕಳೆಲ್ಲ ಒಟ್ಟಿಗೆ ಎಣಿಸಿದರು. ಮುನಿವೆಂಕಟಪ್ಪ ನೂಲು ಹಿಡಿದು ಸರಪಳಿಯ ಕೊಂಡಿ ಕೊಂಡಿಯನ್ನೂ ಸವರಿದ. ಒಂದು ಎಳೆಯೂ ಸಿಗಲಿಲ್ಲ. ಅವನು ರಿಪೋರ್ಟಿಗೆ ಹೆಬ್ಬೆಟ್ಟು ಒತ್ತಿ, ಯಾರ ಅಪ್ಪಣೆಗೂ ಕಾಯದೆ ಹೋಗಿ ಕೂತ. ಗಂಭೀರವಾಗಿ ಹತ್ತು ಸಲ ಜೀಕಿ ಇಳಿದ. ಆಮೇಲೆ ನನ್ನ ಸರದಿ. ಅದನ್ನು ಆಗಲೇ ಕೊಚ್ಚಿಕೊಂಡಿದ್ದೇನೆ.

ಕೊನೆಗೆ ಶೆಟ್ಟರು. ಟೋಪಿಯನ್ನು ಒಂದು ಕೈಯಲ್ಲಿ, ಸರಪಳಿಯನ್ನು ಇನ್ನೊಂದರಲ್ಲಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ಕೂತರು. ನಾಲ್ಕನೆಯ ಜೀಕಿಗೆ ಕಣ್ಣು ತೆರೆದರು. ಹತ್ತನೆಯದಕ್ಕೆ, "ಮುಗೀತು, ಇಳೀರಿ" ಎಂದು ನಾನು ಹೇಳಬೇಕಾಯಿತು. "ಇನ್ನೊಂದೆರಡು ನೋಡೋಣ ಇರ್ರಿ, ಪರೀಕ್ಷೆ ಅಂದ್ರೆ ಸರಿಯಾಗಿ ಆಗ್ಬೇಕು" ಎಂದರು. ಮಕ್ಕಳು ಅವರನ್ನು ಬಹುತೇಕ ಎಳೆದೇ ಇಳಿಸಿದರು.

ಆಮೇಲೆ ಜಯ ಕೂತಳು, ಪಕ್ಕದಲ್ಲಿ ಮುನಿವೆಂಕಟಪ್ಪನ ಮೊಮ್ಮಗಳು. ಅವರಿಬ್ಬರ ಕಾಲು ಆಕಾಶಕ್ಕೆ ಹೋಗಿ ಬಂದಾಗ ನಾನು ನಿಂತಲ್ಲೇ ಕೈ ತಟ್ಟಿದೆ. ಕಣ್ಣು ಒದ್ದೆಯಾಗಿತ್ತು, ಮುಚ್ಚಿಡುವುದೇನು ಬಂತು? ಇಷ್ಟು ವರ್ಷ ಪೆನ್ನು ಹಿಡಿದು ನನ್ನಿಂದ ಆಗದ ಒಂದು ಗಟ್ಟಿ ಕೆಲಸ ಪೆನ್ನಿಲ್ಲದೆ ಆಯಿತು.

ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಟಾಗ, ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಒಬ್ಬರು ಬಾಗಿಲಿಗೆ ಬಂದರು. ಪೆನ್ನು ತೆಗೆದೆ. ಜಡೆ ಹಾಕಿಸಿಕೊಳ್ಳುತ್ತಿದ್ದ ಜಯ ಒಳಗಿನಿಂದಲೇ ಕೇಳಿದಳು, "ಅಣ್ಣಾ, ಅದರ ಮೇಲೆ ಕೂತು ನೋಡಿದ್ಯಾ?"

ನಾನು ಪೆನ್ನು ಜೇಬಿಗೆ ಹಾಕಿಕೊಂಡೆ. ನೀವು?