ಅತ್ತೆಯ ಕೈಗುಣ

ಆಕಳು ಒದ್ದರೆ, ಹಾಲು ಇಳಿಸದೆ ಹಟ ಹಿಡಿದರೆ ಗುಡಗೇರಿ ಹತ್ತಿರದ ನಮ್ಮೂರಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ನನ್ನ ಅತ್ತೆಯನ್ನು. 'ಯಕ್ಕಾ, ನಿನ್ನ ಕೈಗುಣ ಛಲೋ ಐತಿ, ಒಂದೀಟು ಬಾ' ಎಂದರೆ ಸಾಕು, ಹಂಚಿನ ಮೇಲಿನ ರೊಟ್ಟಿ ನನ್ನ ಪಾಲಿಗೆ ಬಿಟ್ಟು ಹೊರಡುವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮದುವೆ ಮುಂಜಿಗೆ ಹಿಂದೆ ಕೂರಿಸುವ ಜನ ಕೊಟ್ಟಿಗೆಗೆ ಮಾತ್ರ ಮೊದಲು ಕರೆಯುತ್ತಿದ್ದರು. ಆಕೆಗೆ ಊರಲ್ಲಿದ್ದ ಮರ್ಯಾದೆ ಅದೊಂದೇ.

ಎಂಬತ್ತರ ದಶಕದಲ್ಲಿ ಊರಿಗೆ ಜರ್ಸಿ ಆಕಳುಗಳು ಬಂದವು. ಮಳೆಗಾಲದಲ್ಲಿ ಸೆಗಣಿ, ಗಂಜಳದ ಕೆಸರಿನಲ್ಲೇ ಆ ದೊಡ್ಡ ಕೆಚ್ಚಲು ಊರಿ ಮಲಗುವವು. ಒಂದು ವರ್ಷ ಓಣಿಯ ತುದಿಯ ಮನೆಯ ಆಕಳಿಗೆ ಕೆಚ್ಚಲು ಬಾವು ಬಂತು. ಅತ್ತೆ ಹೋದಳು. ಹಾಲು ನೆಲಕ್ಕೆ ಬಿದ್ದು ಕಾಲಿಗೆ ಸಿಗಬಾರದು, ಹೈನು ಹೋಗುತ್ತದೆ ಎಂದು ನಂಬಿದವಳು. ಗಂಟುಗಂಟಾಗಿ, ನೆತ್ತರು ಬೆರೆತು ಬಂದದ್ದನ್ನೂ ಅಂಗೈಯಲ್ಲೇ ಹಿಡಿದು ಬೇವಿನ ಬುಡಕ್ಕೆ ಸುರಿದಳು. ಸೆರಗಿಗೆ ಕೈ ಒರೆಸಿಕೊಂಡು ಮುಂದಿನ ಮನೆಗೆ ನಡೆದಳು. ನೋಡನೋಡುತ್ತ ಓಣಿಯ ಅರ್ಧ ಆಕಳುಗಳಿಗೆ ಬಾವು ಹಬ್ಬಿತು.

ದನದ ಡಾಕ್ಟರು ಬಂದರು. ಆಕೆ ಹಿಂಡುವುದನ್ನು ನೋಡಿ ಮೆಲ್ಲಗೇ ಹೇಳಿದರು: 'ಅವ್ವಾರ, ಬ್ಯಾನಿ ನಿಮ್ಮ ಕೈಯಾಗಿಂದ ದಾಟಾಕತ್ತೈತ್ರಿ. ಒಂದು ಆಕಳಾ ಹಿಂಡಿದ ಮ್ಯಾಲೆ ಸೋಪು ಹಚ್ಚಿ ತೊಳ್ಕೋರಿ. ಬ್ಯಾನಿ ಇದ್ದದ್ದನ್ನ ಕಡೀಕ ಹಿಂಡ್ರಿ.'

ಬಾಗಿಲಲ್ಲಿ ನಿಂತವರಿಗೆ ಸೋಪಿನ ಮಾತು ಬೇಕಾಗಲಿಲ್ಲ. 'ಮುಂಡಿ ಕೈ, ಇನ್ನೇನಾದೀತು' ಎಂದು ಒಬ್ಬಳು ಅಂದೇಬಿಟ್ಟಳು. ನಿನ್ನೆಯ ತನಕ ಅದೇ ಕೈ ಹಿಡಿದು ಎಳೆದೊಯ್ದವಳು! ಅವಳ ಬಾಯಿಗೆ ಮಣ್ಣು ಹಾಕಬೇಕೆನಿಸಿತು. ಈಗಲೂ ಅನಿಸುತ್ತದೆ.

ನಮ್ಮ ಆಕಳು ಮಾತ್ರ ಚೆನ್ನಾಗಿತ್ತು. ಎರಡೂ ಹೊತ್ತು ಮೊದಲು ಅದನ್ನು ಹಿಂಡಿಯೇ ಅತ್ತೆ ಬೇರೆ ಮನೆಗೆ ಹೋಗುತ್ತಿದ್ದಳಲ್ಲ, ಅದಕ್ಕೆ. ಆದರೆ ಅಂದಿನಿಂದ ಅದನ್ನೂ ಮುಟ್ಟಲಿಲ್ಲ.

'ತೊಳ್ಕೊಂಡ್ರ ಸಾಕಂದಾರಲ್ರೀ ಅತ್ತಿ' ಎಂದು ಬೇಡಿಕೊಂಡೆ.

'ಸೋಪಿಗೆ ಹೋಗೂವಂಥಾದ್ದಲ್ಲ ತಂಗಿ ಇದು' ಎಂದಳು.

ನಾನು ಕೂತರೆ ಆಕಳು ಹಾಲು ಇಳಿಸಲಿಲ್ಲ. ನನ್ನ ಗಂಡ ಕೂತರೆ ಒದೆಯಿತು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಅತ್ತೆ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಆಕೆಯತ್ತ ಕತ್ತು ಚಾಚಿ ಅದು ಕೂಗುತ್ತಿತ್ತು. ಹಾಲು ಒಳಗೇ ಉಳಿದು ಕೊನೆಗೆ ಅದಕ್ಕೂ ಬಾವು ಬಂತು. ಕೆಚ್ಚಲು ಕಲ್ಲಾಯಿತು. ಡಾಕ್ಟರು ಮತ್ತೆ ಮತ್ತೆ ಸೂಜಿ ಚುಚ್ಚಿದರೂ ಪ್ರಯೋಜನವಾಗಲಿಲ್ಲ, ಆಕಳು ಬತ್ತಿಹೋಯಿತು.

ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ನೀವು ಹಿಂಡಿದ್ದರೆ ಉಳಿಯುತ್ತಿತ್ತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆಯೇ ಕೇಳಿದಳು:

'ನಾ ಮುಟ್ಟೇ ಇಲ್ಲಲ್ಲ ತಂಗಿ. ಬರೇ ನೋಡೀನಿ. ಕಣ್ಣಾಗೂ ಐತೇನ?'

ನನ್ನ ಪುಟ್ಟ ಮಗಳು ಬಾಚಣಿಗೆ ಹಿಡಿದು, ಜಡೆ ಹಾಕಿಸಿಕೊಳ್ಳಲು ಎಂದಿನಂತೆ ಅಜ್ಜಿಯ ಬಳಿ ಓಡಿ ಬಂದಳು. ಅತ್ತೆ ಗೋಡೆಯ ಕಡೆ ತಿರುಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.