ಜಗಳಕ್ಕೆ ಸಿಕ್ಕ ಊರು

ನಾವು ಗಂಡ ಹೆಂಡತಿ ಮೂವತ್ತು ವರ್ಷ ಬಾಯಿಬಿಟ್ಟು ಜಗಳವಾಡಿದವರಲ್ಲ. ಇಷ್ಟು ಕೇಳಿ ನಮ್ಮನ್ನು ಆದರ್ಶ ದಂಪತಿ ಅಂದುಕೊಳ್ಳಬೇಡಿ. ನಮ್ಮ ಗಡಿಯೂರು ಹೊಸೂರಿನಲ್ಲಿ ಗುಟ್ಟಾಗಿ ಜಗಳವಾಡಲು ಒಂದು ಭಾಷೆ ಉಳಿದಿಲ್ಲ, ಅಷ್ಟೆ. ಅಲ್ಲಿನ ಅವಲಪಲ್ಲಿ ಬಡಾವಣೆಯ ನಮ್ಮ ಮನೆಯ ಕೆಳಗೆ ಬಾಡಿಗೆಗಿರುವವರು ತಮಿಳರು, ಎದುರು ಮನೆಯವರು ತೆಲುಗಿನವರು, ಗೋಡೆಗೆ ಗೋಡೆ ಅಂಟಿಕೊಂಡ ಮನೆಯಲ್ಲಿ ನನ್ನ ಚಿಕ್ಕಪ್ಪನ ಸಂಸಾರ. ಮೂರು ಮನೆಯವರಿಗೂ ಮೂರು ಭಾಷೆಯೂ ಬರುತ್ತದೆ. ಇಂಗ್ಲಿಷಿನಲ್ಲಿ ಬೈದುಕೊಳ್ಳೋಣವೆಂದರೆ ಅವರ ಮೊಮ್ಮಕ್ಕಳು ಕಾನ್ವೆಂಟಿಗೆ ಹೋಗುತ್ತವೆ. ಹಾಗಾಗಿ ನಾನು ಕುಕ್ಕರಿನ ಮುಚ್ಚಳ ಕುಕ್ಕುತ್ತಿದ್ದೆ, ನಮ್ಮವರು ಗೇಟು ದಢಾರನೆ ಎಳೆದುಕೊಂಡು ಶಿಫ್ಟಿಗೆ ಹೋಗುತ್ತಿದ್ದರು. ಅಲ್ಲಿಗೆ ವಾದ ಪ್ರತಿವಾದ ಎರಡೂ ಮುಗಿದ ಹಾಗೆ.

ಅವರು ಮಧುಗಿರಿ ಕಡೆಯ ಹಳ್ಳಿಯವರು. ಫ್ಯಾಕ್ಟರಿ ಕೆಲಸಕ್ಕೆಂದು ಹೊಸೂರಿಗೆ ಬಂದು, ನನ್ನನ್ನು ಮದುವೆಯಾಗಿ, ನಮ್ಮಪ್ಪ ಕಟ್ಟಿಸಿದ ಮನೆಯಲ್ಲೇ ಉಳಿದರು. ರಿಟೈರಾದ ಮೇಲೆ ಒಂದು ಸಂಜೆ ಇದ್ದಕ್ಕಿದ್ದಂತೆ, "ಇಸ್ತಾಂಬುಲ್‌ಗೆ ಹೋಗ್ಬರೋಣ, ಪಾಸ್‌ಪೋರ್ಟ್ ಮಾಡ್ಸು" ಅಂದರು. ತಿರುಪತಿ ಬಿಟ್ಟರೆ ಹೊಗೇನಕಲ್, ಹೊಗೇನಕಲ್ ಬಿಟ್ಟರೆ ತಿರುಪತಿ ತೋರಿಸಿದ್ದ ಮನುಷ್ಯ! ನಾನು ಬೆಣ್ಣೆಯಂತೆ ಕರಗಿಹೋದೆ. ನಾನು ಪಾಠ ಹೇಳುವ ಶಾಲೆಯಲ್ಲಿ, ಯಾರೂ ಕೇಳದಿದ್ದರೂ, ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಾದು ಕೂತಿದ್ದಾಗ ಅವರ ಅಣ್ಣನ ಫೋನು ಬಂತು. ಫ್ಯಾಕ್ಟರಿಯ ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಸದ್ದಿಗೆ ನಮ್ಮವರ ಕಿವಿ ಮಂದವಾಗಿದೆ, ಫೋನಿನ ಸದ್ದು ಯಾವಾಗಲೂ ಪೂರ್ತಿ ಏರಿಸಿರುತ್ತಾರೆ. ಅಣ್ಣ ಹೇಳಿದ್ದು ನನಗೂ ಕೇಳಿಸಿತು.

"ಹಿಂದ್ಗಡೆ ಕೋಣೆಗೆ ಸುಣ್ಣ ಹೊಡ್ಸಿದೀನಿ ಕಣ್ಲಾ. ಯಾವಾಗ್ ಬತ್ತೀಯ?"

"ಯುಗಾದಿ ಮುಗೀಲಣ್ಣ, ಬಂದ್ಬುಡ್ತೀನಿ. ಆಮ್ಯಾಕೆ ಅಲ್ಲೇ."

ನನ್ನ ಕೆಲಸ ಇನ್ನೂ ನಾಲ್ಕು ವರ್ಷವಿದೆ. ಮನೆ ಇದೆ, ಅಂಗಳದ ತುಂಬ ನಾನು ಸಾಕಿದ ಗಿಡಗಳಿವೆ. ಎಲ್ಲ ಬಿಟ್ಟು ಈ ವಯಸ್ಸಿನಲ್ಲಿ ಆ ಹಳ್ಳಿಗೆ ಹೋಗಿ ಓರಗಿತ್ತಿಯ ಕೈಕೆಳಗೆ ಬೇಯಬೇಕೆ? ನನ್ನನ್ನು ಒಂದು ಮಾತು ಕೇಳದೆ ದಿನವನ್ನೂ ಗೊತ್ತುಮಾಡಿದ್ದಾರೆ! "ಏನ್ರೀ ಅದು?" ಅಂದೆ. "ಆಮೇಲೆ ಹೇಳ್ತೀನಿ" ಅಂದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಹೆಂಗಸು, "ನೀಂಗ ಒಸೂರ್ ಟೀಚರ್ ದಾನೇ?" ಅಂತ ತಮಿಳಿನಲ್ಲಿ ಮಾತಿಗಿಳಿದಳು. ಕೃಷ್ಣಗಿರಿಯವಳಂತೆ, ಅವಳ ತಂಗಿಯ ಮಗಳು ನಮ್ಮ ಶಾಲೆಯಲ್ಲೇ ಓದಿದ್ದಂತೆ. ನಾನು ಬಾಯಿಗೆ ಬೀಗ ಹಾಕಿಕೊಂಡು ನಕ್ಕೆ.

ಆ ಬೀಗ ಅರ್ಧ ಭೂಮಿ ದಾಟುವವರೆಗೂ ತೆರೆಯಲಿಲ್ಲ. ವಿಮಾನದಲ್ಲೂ ಅವಳು ಹಿಂದೆಯೇ ಕೂತಿದ್ದಳು. ನಡುದಾರಿಯಲ್ಲಿ ಇಳಿದು ಕಾಯಬೇಕಾಗಿದ್ದ ಗಲ್ಫಿನ ನಿಲ್ದಾಣದಲ್ಲಿ ಇವರನ್ನು ಒಂದು ಕಂಬದ ಹಿಂದೆ ಎಳೆದುಕೊಂಡು ಹೋಗಿ, "ನನ್ನನ್ನ ಏನಂದ್ಕೊಂಡಿದೀರಿ" ಅಂತ ಶುರು ಮಾಡಿದ್ದೆ, ನೆಲ ಒರೆಸುತ್ತಿದ್ದವನೊಬ್ಬ ತಲೆಯೆತ್ತಿ, "ಯಾವೂರಕ್ಕಾ? ನಂದು ಮಾಲೂರು" ಅಂದ. ಅವನ ಮುಖದಲ್ಲಿ ಎಂಥ ಸಂತೋಷ! ಆ ಸಂತೋಷಕ್ಕೆ ಬೆಂಕಿ ಬೀಳ ಅಂತ ಶಪಿಸಿದೆ. ಪಾಪ, ಅವನೇನು ಮಾಡಿಯಾನು.

ಇಸ್ತಾಂಬುಲ್ ಬಂತು. ಎತ್ತ ಹೊರಟರೂ ಏರು, ಏರಿನ ಮೇಲೆ ಇನ್ನೊಂದು ಏರು, ಕಾಲಿಟ್ಟಲ್ಲೆಲ್ಲ ಬೆಕ್ಕು. ಹೋಟೆಲಿನವನು ಬೆಳಗಿನ ತಿಂಡಿಗೆ ಉಪ್ಪಿನಲ್ಲಿ ನೆನೆಹಾಕಿದ ಆಲಿವ್ ಕಾಯಿ, ಒಣ ಬ್ರೆಡ್ಡು, ಹಾಲಿಲ್ಲದ ಚಹಾ ಕೊಟ್ಟ. ಇವರು ಎಲ್ಲವನ್ನೂ ಚಪ್ಪರಿಸಿಕೊಂಡು ತಿಂದರು. ಅವರು ತಿನ್ನುವುದನ್ನು ನೋಡಿಯೇ ನನಗೆ ಮೈಯೆಲ್ಲ ಉರಿಯಿತು.

ಮೊದಲು ಹೋಗಿದ್ದು ದೊಡ್ಡ ಗುಮ್ಮಟದ ಹಳೆಯ ಮಸೀದಿಗೆ. ಸೆರಗನ್ನು ತಲೆ ಮೇಲೆ ಹೊದ್ದು ಸರದಿಯಲ್ಲಿ ನಿಂತೆ. ಮುಂದೆ ಯಾವುದೋ ದೇಶದವರು, ಹಿಂದೆ ಇನ್ಯಾವುದೋ. ಕಿವಿಗೊಟ್ಟು ಕೇಳಿದೆ, ನಮ್ಮ ಕಡೆಯ ಒಂದು ಸೊಲ್ಲೂ ಇಲ್ಲ. ಪರೀಕ್ಷೆಗೆಂದು ಮುಂದಿದ್ದ ಬೋಳುತಲೆಯವನ ಬೆನ್ನಿಗೆ, "ನಿನ್ನ ತಲೆ ಮೇಲೆ ಕಾಗೆ ಕೂತಿದೆ" ಅಂತ ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ. ಅವನು ತಿರುಗಲಿಲ್ಲ. ತೆಲುಗಿನಲ್ಲೂ ಹೇಳಿದೆ, ತಮಿಳಿನಲ್ಲೂ ಹೇಳಿದೆ. ಯಾರೂ ತಿರುಗಲಿಲ್ಲ.

"ಯಾರನ್ನ ಕೇಳಿ ನಿಮ್ಮಣ್ಣನಿಗೆ ಮಾತು ಕೊಟ್ರಿ?" ಅಂದೆ.

"ಮೆಲ್ಲಗೆ ಕಣೇ."

"ಯಾಕೆ ಮೆಲ್ಲಗೆ? ಇಲ್ಲೇನು ನಮ್ಮ ಚಿಕ್ಕಪ್ಪ ನಿಂತಿದ್ದಾರಾ?"

ಅವರು ಸುತ್ತ ನೋಡಿದರು. ನೋಡುತ್ತಾ ನೋಡುತ್ತಾ ಅವರ ಬೆನ್ನು ನೆಟ್ಟಗಾಯಿತು. ಅವರಿಗೂ ತಿಳಿಯಿತು ಅಂತ ನನಗೆ ತಿಳಿಯಿತು.

ಮಸೀದಿಯ ಒಳಗೆ ಹೋಗಿಬಂದೆವು, ಏನು ನೋಡಿದೆನೋ ದೇವರಾಣೆ ನೆನಪಿಲ್ಲ. ಹೊರಗಿನ ಚೌಕದಲ್ಲಿ ಬೈದಾಡಿದೆವು, ಟ್ರಾಮಿನಲ್ಲಿ ನೇತಾಡಿಕೊಂಡು ಬೈದಾಡಿದೆವು, ದೋಣಿಕಟ್ಟೆಯವರೆಗೂ ಇಳಿಜಾರಿನುದ್ದಕ್ಕೂ ಬೈದಾಡಿದೆವು. ನಾನು ಮದುವೆಯ ದಿನದಿಂದ ಹಿಡಿದು ಎಲ್ಲ ಎತ್ತಿ ಆಡಿದೆ. ತಲೆಯ ಮೇಲೆ ತಟ್ಟೆ ಹೊತ್ತು ಬ್ರೆಡ್ಡು ಮಾರುತ್ತಿದ್ದವನು ನಮ್ಮನ್ನು ಕಂಡು ರಸ್ತೆಯ ಆ ಬದಿಗೆ ಸರಿದ. ನಿಜ ಹೇಳುತ್ತೇನೆ, ಮೊದಮೊದಲು ನನಗೆ ಹಿತವಾಗಿತ್ತು.

ಕಟ್ಟೆಯ ಹತ್ತಿರ ಅವರ ಸರದಿ ಬಂತು.

"ಮನೆ ಅಳಿಯ ಆಗಿ ಇದ್ದು ನೋಡು, ಗೊತ್ತಾಗುತ್ತೆ. ನಿಮ್ಮಪ್ಪನ ಗೋಡೆಗೆ ಒಂದು ಮೊಳೆ ಹೊಡೀಬೇಕಾದ್ರೂ ನಿಮ್ಮ ಚಿಕ್ಕಪ್ಪನ್ನ ಕೇಳ್ಬೇಕಿತ್ತು. ಇಷ್ಟು ವರ್ಸ ಆಯ್ತು, ನಿಮ್ಮೂರಲ್ಲಿ ನನ್ನ ಹೆಸ್ರಿಡಿದು ಕರೆದೋರಿಲ್ಲ. ಟೀಚರಮ್ಮನ ಯಜಮಾನ್ರು! ಫ್ಯಾಕ್ಟ್ರೀಲೂ ಡ್ಯೂಟಿ ಮಾಡ್ದೆ, ಮನೇಲೂ ಡ್ಯೂಟಿ ಮಾಡ್ದೆ. ಮುಗೀತು."

"ಅದಕ್ಕೆ ನನ್ನನ್ನ ಎಳ್ಕೊಂಡು ಹೋಗಿ ನಿಮ್ಮತ್ತಿಗೆ ಮನೇಲಿ ಮುಸುರೆ ತಿಕ್ಕಿಸ್ತೀರಾ? ನಾನು ಬರಲ್ಲ. ಸತ್ತರೂ ಬರಲ್ಲ!"

"ನಿನ್ನ ಯಾರೇ ಬಾ ಅಂದ್ರು? ನಾನೊಬ್ನೇ ಹೋಗ್ತೀನಿ."

ಒಂದು ದೋಣಿ ಬಂದು ಜನ ಇಳಿಯತೊಡಗಿದರು. ನಮ್ಮ ಎರಡೂ ಬದಿಯಿಂದ ಹರಿದು ಹೋದರು. ನಾನು ಏನನ್ನು ಉಳಿಸಿಕೊಳ್ಳಲು ಗಂಟಲು ಹರಿದುಕೊಂಡಿದ್ದೆನೋ ಅದೆಲ್ಲ ಉಳಿದಿತ್ತು. ಮನೆ ಉಳಿಯಿತು, ಶಾಲೆ ಉಳಿಯಿತು, ಊರು ಉಳಿಯಿತು. ನನಗೆ ಭಯವಾಯಿತು. ಅಂಥ ಭಯ ಆವರೆಗೆ ಆಗಿರಲಿಲ್ಲ.

"ಮತ್ತೆ ಇಷ್ಟು ದೂರ ಯಾಕೆ ಕರ್ಕೊಂಡು ಬಂದ್ರಿ?"

"ಎಲ್ಲೂ ಕರ್ಕೊಂಡೋಗಿರ್ಲಿಲ್ವಲ್ಲ" ಅಂದರು. ಅವರ ದನಿ ಇಳಿದಿತ್ತು. "ಹೋಗೋಕ್ ಮುಂಚೆ ಒಂದು ಸಲ ಅಂತ."

ಅಂದರೆ ನಾನು ಊರೆಲ್ಲ ಡಂಗುರ ಹೊಡೆದದ್ದು ನನ್ನ ಬೀಳ್ಕೊಡುಗೆಯ ಸುದ್ದಿಯನ್ನೇ! ಅವರು ದೋಣಿಯ ಟಿಕೆಟ್ಟಿಗೆ ಹೊರಟರು. ನಾನು ತೋಳು ಹಿಡಿದು ಜಗ್ಗಿ ಅಲ್ಲಿದ್ದ ಬೆಂಚಿನ ಮೇಲೆ ಕೂರಿಸಿದೆ. ಬೈಗುಳ ನಿಂತರೆ ಈ ಮನುಷ್ಯ ಇಲ್ಲಿಂದಲೇ ಹೋಗಿಬಿಡುತ್ತಾನೆ ಅನಿಸಿತು.

"ಯಾವ ಗೋಡೆ? ಯಾವ ಮೊಳೆ? ನನಗ್ಯಾಕೆ ಹೇಳಲಿಲ್ಲ?"

ಅವರು ನೀರಿನ ಕಡೆ ನೋಡಿಕೊಂಡು ಹೇಳಿದರು. "ನಮ್ಮಮ್ಮ ಹೋದಾಗ. ಫೋಟೋ ನಡುಮನೇಲಿ ಹಾಕೋಣ ಅಂತಿದ್ದೆ. ನಿಮ್ಮ ಚಿಕ್ಕಪ್ಪ, ನಿಮ್ಮಪ್ಪನ ಫೋಟೋ ಪಕ್ಕ ಬೇರೆ ಮನೇರ್ದು ಯಾಕೆ ಅಂದ್ರು. ನೀನು ಅಲ್ಲೇ ಕಾಫಿ ಹಿಡ್ಕೊಂಡು ನಿಂತಿದ್ದೆ."

ನನಗೆ ನೆನಪಿಲ್ಲ. ಇವತ್ತಿಗೂ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ.

ಹೊಸೂರಿಗೆ ಬಂದ ಮರುದಿನವೇ ಬೀರುವಿನಿಂದ ಅತ್ತೆಯ ಫೋಟೋ ಹುಡುಕಿ ತೆಗೆದು, ಯಾರನ್ನೂ ಕೇಳದೆ, ನಮ್ಮಪ್ಪನ ಪಕ್ಕದಲ್ಲೇ ಮೊಳೆ ಹೊಡೆದು ಹಾಕಿದೆ. ಇವರು ಊಟದ ತಟ್ಟೆಯ ಮುಂದೆ ಕೂತು ನೋಡಿದರು. ಯುಗಾದಿಯ ಹೋಳಿಗೆ ತಿಂದು, ಮಾರನೆಯ ಬೆಳಿಗ್ಗೆ ಎರಡು ಚೀಲ ಹಿಡಿದು ಮಧುಗಿರಿಗೆ ಹೊರಟರು. ಫೋಟೋ ಬಿಟ್ಟು ಹೋದರು, ಮರೆತೋ, ಬೇಕೆಂದೋ.

ದಿನಾ ಅದಕ್ಕೆ ಹೂವಿಡುವುದು ನಾನೇ. ಇಟ್ಟು, ಅಲ್ಲೇ ನಿಂತು, ನಿಮ್ಮ ಮಗ ನನ್ನನ್ನು ಒಂದೇ ಒಂದು ಸಲ ಯಾಕೆ ಬಾ ಅನ್ನಲಿಲ್ಲ ಅಂತ ಅತ್ತೆಯನ್ನು ಜೋರಾಗಿ ಕೇಳುತ್ತೇನೆ.